ಸುತ್ತಲಿನ ವಸ್ತುಗಳೆಲ್ಲ ಕಂಪ್ಯೂಟರ್‌ಗಳಾದರೆ ತಪ್ಪು ಮಾಡದವರಿಗೇನು ತೊಂದರೆ?

ತೊಂದರೆ ಇರುವುದು ಯಾರು ಯಾರನ್ನು ನೋಡಬಲ್ಲರು ಎಂಬಲ್ಲಿ. 1990ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಆಲಿವೆಟ್ಟಿ ಸಂಶೋಧನಾಲಯದಲ್ಲಿ 'ಆಕ್ಟಿವ್ ಬ್ಯಾಡ್ಜ್' ರೂಪುಗೊಂಡಿತು. ಅಂಗಿಗೆ ಸಿಕ್ಕಿಸಿಕೊಂಡ ಆ ಬಿಲ್ಲೆ ಸುಮಾರು 15 ಸೆಕೆಂಡಿಗೊಮ್ಮೆ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣದಲ್ಲಿ ತನ್ನ ಗುರುತಿನ ಸಂಕೇತವನ್ನು ಹೊರಸೂಸುತ್ತಿತ್ತು. ಕೋಣೆಯ ಸೆನ್ಸರ್ ಅದನ್ನು ಹಿಡಿದು, ಧರಿಸಿದವರು ಎಲ್ಲಿದ್ದಾರೆಂದು ತಿಳಿಸುತ್ತಿತ್ತು. ಉದ್ದೇಶವೇನೋ ಒಳ್ಳೆಯದೇ: ಫೋನ್ ಕರೆಯನ್ನು ಅವರಿರುವಲ್ಲಿಗೇ ಕಳುಹಿಸುವುದು. ಆದರೆ ಯಾರು ಯಾರ ಜೊತೆ ಎಷ್ಟು ಹೊತ್ತು ಕುಳಿತಿದ್ದರೆಂಬುದನ್ನೂ ಅದೇ ದಾಖಲೆಯಿಂದ ತೆಗೆಯಬಹುದು. ಸಹೋದ್ಯೋಗಿಗಳು ಪರಸ್ಪರ ನೋಡಿಕೊಂಡರೆ ಅನುಕೂಲ. ಮೇಲಧಿಕಾರಿ ಮಾತ್ರ ನೋಡುವಂತಾದರೆ ಕಾವಲು.

ಬ್ಯಾಡ್ಜನ್ನು ಮೇಜಿನ ಖಾನೆಗೆ ಹಾಕಿಬಿಡಬಹುದಿತ್ತು. (ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅಷ್ಟು ಧೈರ್ಯ ಇರುತ್ತದೆಯೇ ಎಂಬುದು ಬೇರೆ ಮಾತು.) ಇಂದಿನ ಕ್ಯಾಮೆರಾ ಮುಖವನ್ನೇ ಗುರುತು ಮಾಡಿಕೊಳ್ಳುತ್ತದೆ, ಅದನ್ನು ಕಳಚಿಡಲಾಗದು, ಪಾಸ್‌ವರ್ಡ್‌ನಂತೆ ಬದಲಿಸಲೂ ಆಗದು. ಮನೆ, ಕಚೇರಿ, ಆಸ್ಪತ್ರೆಗಳಲ್ಲಿ ನಾವು ಬೇರೆ ಬೇರೆ ಮುಖ ತೋರುತ್ತೇವೆ. ದಾಖಲೆಗಳು ಒಂದೆಡೆ ಸೇರಿದ ದಿನ ಆ ಸ್ವಾತಂತ್ರ್ಯ ಹೋಗುತ್ತದೆ. ಒಪ್ಪಿಗೆ ಪಡೆಯೋಣವೆಂದರೆ ಗೋಡೆಯೊಳಗಿನ ಸೆನ್ಸರ್‌ಗೆ ಪ್ರಶ್ನೆ ತೋರಿಸುವ ಪರದೆಯೇ (ಸ್ಕ್ರೀನ್) ಇಲ್ಲ. ಹಾಗಾಗಿ ನಾನು ಕೇಳುವುದು ಇಷ್ಟು: ದಾಖಲೆ ಎಷ್ಟು ದಿನ ಉಳಿಯುತ್ತದೆ, ಯಾರ ಕೈಗೆ ಸಿಗುತ್ತದೆ, ಬೇಡವೆಂದವರ ಕೆಲಸ ಉಳಿಯುತ್ತದೆಯೇ?