ಕುಕ್‌ನ ನಕ್ಷೆಯ ತಪ್ಪನ್ನು ತಿದ್ದಬೇಡಿ

ಗದಗಿನ ಶಾಲಾ ಪ್ರದರ್ಶನಕ್ಕೆ ನಿಮ್ಮ ಮಗಳು ಬಿಡಿಸಿದ ನ್ಯೂಜಿಲೆಂಡಿನ ನಕ್ಷೆಯಲ್ಲಿ ಬ್ಯಾಂಕ್ಸ್ ಪರ್ಯಾಯ ದ್ವೀಪವು ದ್ವೀಪವಾಗಿಯೂ, ಸ್ಟೀವರ್ಟ್ ದ್ವೀಪವು ನೆಲಕ್ಕೆ ಅಂಟಿಕೊಂಡಂತೆಯೂ ಬಂದಿರುವುದು ಆಕೆಯ ಕೈತಪ್ಪಲ್ಲ. ಆಕೆ ನೋಡಿ ಬರೆದದ್ದು ಬಹುಶಃ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ 1769–70ರಲ್ಲಿ ಎಂಡೆವರ್ ಹಡಗಿನಿಂದ ಗುರುತಿಸಿದ ಕರಾವಳಿಯ ನಕ್ಷೆ. ಮುಂಡರಗಿಯ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಕಪ್ಪತಗುಡ್ಡದ ನೆತ್ತಿಯಷ್ಟೇ ಕಾಣುವಂತೆ, ದೂರದಲ್ಲಿ ಸಾಗುತ್ತಿದ್ದ ಹಡಗಿನವರಿಗೆ ಬ್ಯಾಂಕ್ಸ್‌ನ ಬೆಟ್ಟಗಳು ಕಂಡವೇ ಹೊರತು ಅವುಗಳ ಹಿಂದಿನ ತಗ್ಗು ಬಯಲು ಕಾಣಲಿಲ್ಲ.

ಮೊದಲು ಮೂಲ ಪ್ರತಿಯ ಮೇಲಿರುವ ವರ್ಷವನ್ನು ನೋಡಿ ಖಚಿತಪಡಿಸಿಕೊಳ್ಳಿ. ಬಳಿಕ ಈಗಿನ ನಕ್ಷೆಯನ್ನು ಅದೇ ಅಳತೆಗೆ ತಂದು, ಟ್ರೇಸಿಂಗ್ ಹಾಳೆಯಲ್ಲಿ ಕೆಂಪು ಪೆನ್ಸಿಲಿನಿಂದ ತೆಗೆದು, ಎರಡು ದೊಡ್ಡ ದ್ವೀಪಗಳ ನಡುವಿನ ಕುಕ್ ಜಲಸಂಧಿ ಹೊಂದುವಂತೆ ಹಳೆಯದರ ಮೇಲಿಡಿ. ಗೆರೆಗಳು ಪೂರ್ವ–ಪಶ್ಚಿಮವಾಗಿ ತುಸು ಸರಿದಿರಬಹುದು, ಏಕೆಂದರೆ ಆ ಯಾನದಲ್ಲಿ ಕ್ರೋನೋಮೀಟರ್ (ಸಮುದ್ರದಲ್ಲೂ ನಿಖರ ಸಮಯ ತೋರಿಸುವ ಗಡಿಯಾರ) ಇರಲಿಲ್ಲ. ರೇಖಾಂಶವನ್ನು ಚಂದ್ರನ ಸ್ಥಾನ ಅಳೆದು ಲೆಕ್ಕ ಹಾಕುತ್ತಿದ್ದರು. ಬ್ಯಾಂಕ್ಸ್ ಮತ್ತು ಸ್ಟೀವರ್ಟ್ ಇರುವ ಎರಡು ಜಾಗಗಳಿಗೆ ಚೀಟಿ ಅಂಟಿಸಿ ಕಾರಣ ಬರೆಯಿಸಿ.