ಗೌರಿ ಹೂವಿನ ದಳದ ಅಲೆಯಂಚನ್ನು ಕ್ರೋಶಾದಲ್ಲಿ ತರುವುದು ಹೇಗೆ?

ಅಂಚಿನ ಸಾಲಿನಲ್ಲಿ ಹೊಲಿಗೆ ಹೆಚ್ಚಿಸಿದರೆ ಅಲೆ ತಾನಾಗಿ ಬರುತ್ತದೆ. ಕೆಂಪು ಉಲ್ಲನ್‌ನಲ್ಲಿ ಕಿರಿದಾದ, ಉದ್ದನೆಯ ದಳ ಹೆಣೆಯಿರಿ; ಬುಡ ಮಾತ್ರ ಹಳದಿ ಇರಲಿ. ಆಮೇಲೆ ಹಳದಿ ದಾರದಲ್ಲೇ ಇಡೀ ದಳದ ಸುತ್ತ ಒಂದು ಸಾಲು ಹಾಕುವಾಗ, ಕೆಳಗಿನ ಪ್ರತಿ ಹೊಲಿಗೆಯೊಳಗೂ ಒಂದರ ಬದಲು ಎರಡು, ಇನ್ನೂ ಹೆಚ್ಚು ನಿರಿಗೆ ಬೇಕಿದ್ದರೆ ಮೂರು ಹಾಕಿ. ಆಗ ಅಂಚು ತಾನು ಕೂತಿರುವ ಸಾಲಿಗಿಂತ ಉದ್ದವಾಗುತ್ತದೆ. ಆ ಹೆಚ್ಚುವರಿ ಉದ್ದಕ್ಕೆ ಚಪ್ಪಟೆಯಾಗಿ ಮಲಗಲು ಜಾಗವಿಲ್ಲ, ಹಾಗಾಗಿ ಮೇಲಕ್ಕೂ ಕೆಳಕ್ಕೂ ಬಾಗುತ್ತದೆ. ಹೊಲಿಗೆ ಕಡಿಮೆ ಬಿದ್ದರೆ ಇದಕ್ಕೆ ತದ್ವಿರುದ್ಧ: ದಳ ಬಟ್ಟಲಿನಂತೆ ಒಳಕ್ಕೆ ಮುದುರುತ್ತದೆ.

ಇಂಥ ಆರು ದಳ ಬೇಕು, ಎಲ್ಲವೂ ಹಿಂದಕ್ಕೆ ಬಾಗಿರಬೇಕು. ಬರೀ ಉಲ್ಲನ್ ಹಾಗೆ ನಿಲ್ಲುವುದಿಲ್ಲ. ಅಂಚಿನ ಸಾಲು ಹೆಣೆಯುವಾಗಲೇ ತೆಳು ತಂತಿಯೊಂದನ್ನು ಒಳಗೆ ಸೇರಿಸಿಕೊಳ್ಳಿ.