‘ಜನಾದೇಶಕ್ಕೆ ದ್ರೋಹ’ ಬರೆದವರಿಗೆ ಸಂಪಾದಕರ ಉತ್ತರ

ಪ್ರಿಯ ಬರಹಗಾರ್ತಿಗೆ,

ನಮಸ್ಕಾರ. ನಿಮ್ಮ ‘ಜನಾದೇಶಕ್ಕೆ ದ್ರೋಹ’ ಲೇಖನವನ್ನು ಓದಿದೆ, ಮತ್ತೊಮ್ಮೆಯೂ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ತಿದ್ದಿ ಕಳಿಸಿದರೆ ಖಂಡಿತ ಓದುತ್ತೇನೆ. ಬ್ರೆಕ್ಸಿಟ್ ಕಾಲದ, ಅಂದರೆ ಐರೋಪ್ಯ ಒಕ್ಕೂಟ ಬಿಡುವ ಜಗಳದ ಕಾಲದ ಬ್ರಿಟನ್ನಿನಲ್ಲಿ ಬದುಕಿದ ಕನ್ನಡದವರೊಬ್ಬರು ಅದರ ಬಗ್ಗೆ ಬರೆಯಬೇಕು ಎಂಬುದು ನನ್ನ ಬಹುದಿನದ ಆಸೆ. ನಿಮ್ಮ ಒಪ್ಪಿಗೆ ಪಡೆದು ಈ ಉತ್ತರವನ್ನು ಎಲ್ಲರೂ ಓದುವಂತೆ ಹಾಕಿದ್ದೇನೆ. ರಾಜಕೀಯ ಬರೆಯಲು ಹೊರಟ ಬೇರೆಯವರಿಗೂ ಉಪಯೋಗವಾದೀತು.

ನಿಮ್ಮ ವಾದ ಇಷ್ಟು: 2016ರ ಜೂನ್ 23ರಂದು ಬ್ರಿಟನ್ ಜನ ಐರೋಪ್ಯ ಒಕ್ಕೂಟ ಬಿಡಬೇಕೆಂದು ಸ್ಪಷ್ಟ ತೀರ್ಪು ಕೊಟ್ಟರು, ರಾಜಕಾರಣಿಗಳು ಕುರ್ಚಿಯಾಸೆಗೆ ಅದನ್ನು ಮೂರೂವರೆ ವರ್ಷ ಎಳೆದಾಡಿದರು. ಓದಲು ಖಾರವಾಗಿಯೇ ಇದೆ. ಆದರೆ ಇದು ಆ ಜಗಳದಲ್ಲಿದ್ದ ಒಂದು ಬಣದ ಮಾತು. ಜಗಳ ಯಾಕಾಯಿತು ಎಂಬುದನ್ನು ಇದು ಹೇಳುವುದಿಲ್ಲ.

ಮತಪತ್ರದಲ್ಲಿದ್ದದ್ದು ಒಂದೇ ಪ್ರಶ್ನೆ: ಒಕ್ಕೂಟದಲ್ಲಿ ಉಳಿಯಬೇಕೇ, ಬಿಡಬೇಕೇ? ಬಿಡಬೇಕೆಂದವರು ಶೇ 51.9, ಉಳಿಯಬೇಕೆಂದವರು ಶೇ 48.1. ಬಿಟ್ಟ ಮೇಲೆ ಸದಸ್ಯ ದೇಶಗಳೆಲ್ಲ ಒಂದೇ ನಿಯಮದಲ್ಲಿ ವ್ಯಾಪಾರ ಮಾಡುವ ಏಕ ಮಾರುಕಟ್ಟೆಯ ಗತಿಯೇನು, ತಮ್ಮೊಳಗೆ ಸುಂಕವಿಲ್ಲದೆ ಹೊರಗಿನವರಿಗೆ ಒಂದೇ ಸುಂಕ ಹಾಕುವ ಕಸ್ಟಮ್ಸ್ ಒಕ್ಕೂಟದ ಗತಿಯೇನು, ಐರ್ಲೆಂಡಿನ ಗಡಿಯಲ್ಲಿ ಏನು ಮಾಡುವುದು, ಇವು ಯಾವುವನ್ನೂ ಯಾರೂ ಮತದಾರರನ್ನು ಕೇಳಲಿಲ್ಲ. ನಾರ್ವೆಯ ಹಾಗೆ ಒಕ್ಕೂಟದ ಹೊರಗಿದ್ದು ಮಾರುಕಟ್ಟೆಯ ಒಳಗಿದ್ದರೂ ಬಿಟ್ಟ ಹಾಗೆಯೇ. ಯಾವ ಒಪ್ಪಂದವೂ ಇಲ್ಲದೆ ಎದ್ದು ಹೋದರೂ ಬಿಟ್ಟ ಹಾಗೆಯೇ. ಜನಮತಗಣನೆಯ ಬಳಿಕ ಪ್ರಧಾನಿಯಾದ ತೆರೆಸಾ ಮೇ ಅವರ ಸರ್ಕಾರ ಮುಳುಗಿದ್ದು ಇವೆರಡರ ನಡುವಿನ ನೀರಿನಲ್ಲಿ. ಆಗ ಪ್ರತಿಯೊಂದು ಬಣವೂ ಜನಾದೇಶದ ಹೆಸರಿನಲ್ಲೇ ಮಾತಾಡಿತು. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಮೊದಲು ತಪ್ಪುಗಳನ್ನು ನೋಡೋಣ. ‘ಫಲಿತಾಂಶವನ್ನು ಜಾರಿ ಮಾಡುವುದು ಸಂಸತ್ತಿಗೆ ಕಾನೂನಿನ ಪ್ರಕಾರ ಕಡ್ಡಾಯವಾಗಿತ್ತು’ ಎಂದು ಬರೆದಿದ್ದೀರಿ. ಇರಲಿಲ್ಲ. ಫಲಿತಾಂಶ ಬಂದ ಮೇಲೆ ಏನಾಗಬೇಕು ಎಂಬ ಕಲಮೇ 2015ರ ಜನಮತಗಣನೆ ಕಾಯ್ದೆಯಲ್ಲಿ ಇಲ್ಲ. ಮತದಾನ ಪದ್ಧತಿ ಬದಲಿಸಬೇಕೇ ಎಂದು 2011ರಲ್ಲಿ ನಡೆದ ಜನಮತಗಣನೆಯ ಕಾಯ್ದೆಯಲ್ಲಿ ಅದು ಇತ್ತು. ಜನ ಹೌದು ಎಂದಿದ್ದರೆ ಸರ್ಕಾರ ಜಾರಿ ಮಾಡಲೇಬೇಕಿತ್ತು. ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಈ ವ್ಯತ್ಯಾಸವನ್ನು ಎತ್ತಿ ತೋರಿಸಿ, ಸಂಸತ್ತು ಕಾಯ್ದೆ ಮಾಡದೆ ಸರ್ಕಾರ ಒಕ್ಕೂಟಕ್ಕೆ ಬಿಡುವ ನೋಟಿಸ್ ಕೊಡುವಂತಿಲ್ಲ ಎಂದು 8–3ರ ಬಹುಮತದಲ್ಲಿ ಹೇಳಿತು.

ಹಾಗೆಂದು ‘ಅದು ಬರೀ ಸಲಹೆ’ ಎಂದು ತಿದ್ದಿಬಿಡಬೇಡಿ. ಅದು ಎದುರು ಬಣದ ಅರ್ಧಸತ್ಯ. ಮತದಾನಕ್ಕೆ ಮುಂಚೆ ಆಗಿನ ಪ್ರಧಾನಿ ಕ್ಯಾಮರನ್ ಅವರ ಸರ್ಕಾರ ಮನೆಮನೆಗೆ ಕರಪತ್ರ ಕಳಿಸಿ, ನೀವು ತೀರ್ಮಾನಿಸಿದ್ದನ್ನು ಜಾರಿಗೆ ತರುತ್ತೇವೆ ಎಂದು ಮಾತು ಕೊಟ್ಟಿತ್ತು. ಕಾನೂನು ಕಟ್ಟಿಹಾಕದ ಸಂಸದರನ್ನು ಆ ಮಾತು ಕಟ್ಟಿಹಾಕಿತು. ಉಳಿಯಬೇಕೆಂದು ಪ್ರಚಾರ ಮಾಡಿದ್ದ ಎಷ್ಟೋ ಮಂದಿ 2017ರ ಫೆಬ್ರವರಿಯಲ್ಲಿ ನೋಟಿಸ್ ಮಸೂದೆಯ ಪರ ಮತ ಹಾಕಿದರು. ಎರಡನೇ ವಾಚನದಲ್ಲಿ ಅದು 498–114ರಿಂದ ಪಾಸಾಯಿತು. ಆಳುವ ಕನ್ಸರ್ವೇಟಿವ್ ಪಕ್ಷದಿಂದ ವಿರುದ್ಧ ನಿಂತವರು ಕೆನ್ ಕ್ಲಾರ್ಕ್ ಒಬ್ಬರೇ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಕನ್ಸರ್ವೇಟಿವರು ಬಿಡುವವರು, ವಿರೋಧ ಪಕ್ಷವಾಗಿದ್ದ ಲೇಬರ್‌ನವರು ಉಳಿಯುವವರು ಎಂದು ಗೆರೆ ಎಳೆದಿದ್ದೀರಿ. 2016ರಲ್ಲಿ ಕನ್ಸರ್ವೇಟಿವ್ ಸಂಸದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯಬೇಕೆಂದವರು. ಆಗ ಗೃಹಮಂತ್ರಿಯಾಗಿದ್ದ ಮೇ ಅವರೂ ಅದೇ ಗುಂಪಿನವರು. ಜನಮತವನ್ನು ಗೌರವಿಸುತ್ತೇವೆ ಎಂದು 2017ರ ಚುನಾವಣೆಯಲ್ಲಿ ಎರಡೂ ಪಕ್ಷಗಳು ಪ್ರಣಾಳಿಕೆಯಲ್ಲಿ ಬರೆದವು. ಬಿರುಕು ಇದ್ದದ್ದು ಪಕ್ಷಗಳ ಒಳಗೆ.

ಲೇಬರ್ ಬಗ್ಗೆ, ಅದರ ಆಗಿನ ನಾಯಕ ಜೆರೆಮಿ ಕಾರ್ಬಿನ್ ಬಗ್ಗೆ, ‘ಕಾರ್ಬಿನ್ ಅಡ್ಡಗೋಡೆಯ ಮೇಲೆ ದೀಪ ಇಟ್ಟರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಇಟ್ಟದ್ದು ನಿಜ, ಆದರೆ ಯಾಕೆ? ಡಾಂಕಾಸ್ಟರ್ ನೋಡಿ. ಕಲ್ಲಿದ್ದಲು ಗಣಿ, ರೈಲು ಕಾರ್ಖಾನೆಗಳ ಊರು, ತಲೆತಲಾಂತರದಿಂದ ಲೇಬರ್ ಕೋಟೆ. ಅಲ್ಲಿ ಬಿಡಬೇಕೆಂದವರು ಸುಮಾರು ಶೇ 69. ಲಂಡನ್ನಿನ ಲ್ಯಾಂಬೆತ್ ಕೂಡ ಲೇಬರ್ ಕೋಟೆಯೇ. ಅಲ್ಲಿ ಉಳಿಯಬೇಕೆಂದವರು ಶೇ 78ಕ್ಕೂ ಹೆಚ್ಚು. ಅದೇ ಲ್ಯಾಂಬೆತ್‌ನೊಳಗಿನ ವಾಕ್ಸ್‌ಹಾಲ್ ಕ್ಷೇತ್ರದ ಲೇಬರ್ ಸಂಸದೆ ಕೇಟ್ ಹೋಯಿ ಬ್ರೆಕ್ಸಿಟ್‌ನ ಕಟ್ಟಾ ಬೆಂಬಲಿಗರು. ಡಾಂಕಾಸ್ಟರ್ ಉತ್ತರದ ಎಡ್ ಮಿಲಿಬ್ಯಾಂಡ್ ಉಳಿಯಬೇಕೆಂದವರು. ಪಕ್ಕದ ಡಾನ್ ವ್ಯಾಲಿಯ ಕ್ಯಾರೊಲಿನ್ ಫ್ಲಿಂಟ್ ಉಳಿಯಬೇಕೆಂದು ಪ್ರಚಾರ ಮಾಡಿ, ಸೋತ ಮೇಲೆ ತನ್ನ ಮತದಾರರ ಮಾತು ನಡೆಯಬೇಕು ಎಂದು ಪಕ್ಷದ ವಿಪ್ ಮೀರಿ, ಒಕ್ಕೂಟ ಬಿಡುವ ಬಗ್ಗೆ ಮೇ ಮಾಡಿಕೊಂಡಿದ್ದ ಒಪ್ಪಂದದ ಪರ ಮತ ಹಾಕಿದರು. ಈ ಮೂವರನ್ನು ಪಕ್ಕಪಕ್ಕ ಇಟ್ಟು ಒಂದು ಪ್ಯಾರಾ ಬರೆಯಿರಿ. ಕಾರ್ಬಿನ್ ಅವರ ದೀಪ ಯಾಕೆ ಆ ಗೋಡೆಯ ಮೇಲೇ ಇತ್ತೆಂದು ಓದುಗರಿಗೆ ತಾನಾಗಿಯೇ ತಿಳಿಯುತ್ತದೆ.

ಈಗ ನನ್ನ ಮುಖ್ಯ ಸಲಹೆ. ಮೂರೂವರೆ ವರ್ಷದ ಎಲ್ಲ ಘಟನೆಗಳನ್ನೂ ತುರುಕಬೇಡಿ. ನಿಮ್ಮ ನಡುವಿನ ಪುಟಗಳಲ್ಲಿ ತಾರೀಖುಗಳ ಮೆರವಣಿಗೆ ಬಿಟ್ಟರೆ ಏನೂ ಇಲ್ಲ. ಒಂದು ದಿನವನ್ನು ಹಿಡಿಯಿರಿ. ನಾನಾದರೆ 2019ರ ಮಾರ್ಚ್ 29, ಶುಕ್ರವಾರವನ್ನು ಹಿಡಿಯುತ್ತಿದ್ದೆ.

ಬ್ರಿಟನ್ ಒಕ್ಕೂಟ ಬಿಡಬೇಕಿದ್ದ ದಿನವೇ ಅದು. ಬಿಡುಗಡೆಯ ಹಬ್ಬ ಎಂದುಕೊಂಡಿದ್ದ ಜನ ಸಂಸತ್ತಿನ ಹೊರಗೆ ಸಿಟ್ಟಿನಿಂದ ಸೇರಿದ್ದರು. ಒಳಗೆ ಮೇ ಅವರ ಒಪ್ಪಂದ ಮೂರನೇ ಸಲ ಮತಕ್ಕೆ ಬಂದಿತ್ತು. ಜನವರಿಯಲ್ಲಿ 432–202ರಿಂದ ಬಿದ್ದಿತ್ತು. ಆಳುವ ಸರ್ಕಾರವೊಂದು 230 ಮತಗಳ ಅಂತರದಲ್ಲಿ ಸೋತದ್ದು ಆಧುನಿಕ ಬ್ರಿಟನ್ನಿನಲ್ಲಿ ಅದೇ ಮೊದಲು. ಮಾರ್ಚ್ 12ರಂದು ಮತ್ತೆ 391–242ರಿಂದ ಬಿತ್ತು. ಇದನ್ನು ಪಾಸು ಮಾಡಿ, ನಾನು ಇಳಿಯುತ್ತೇನೆ ಎಂದು ಮೇ ತಮ್ಮ ಪಕ್ಷದ ಸಂಸದರಿಗೆ ಎರಡು ದಿನ ಮುಂಚೆ ಹೇಳಿದ್ದರು. ಮೊದಲೆರಡು ಸಲ ವಿರೋಧಿಸಿದ್ದ ಬೋರಿಸ್ ಜಾನ್ಸನ್ ಕೂಡ ಈ ಸಲ ಪರವಾಗಿ ಮತ ಹಾಕಿದರು. ಆದರೂ 344–286.

ಆ ದಿನದ ಮತಪಟ್ಟಿಯನ್ನು ಹತ್ತಿರದಿಂದ ನೋಡಿ. ವಿರುದ್ಧ ಹಾಕಿದ ಕನ್ಸರ್ವೇಟಿವರು 34. ಅವರಲ್ಲಿ 28 ಮಂದಿಗೆ ಈ ಒಪ್ಪಂದ ಬ್ರಿಟನ್ನನ್ನು ಒಕ್ಕೂಟದಿಂದ ಸಾಕಷ್ಟು ಬಿಡಿಸುತ್ತಿಲ್ಲ ಎಂಬ ತಕರಾರು. ಪತ್ರಿಕೆಗಳು ಅವರನ್ನು ‘ಸ್ಪಾರ್ಟನ್ನರು’ ಎಂದು ಕರೆದವು. ಉಳಿದ ಆರು ಮಂದಿ ಅದಕ್ಕೆ ತದ್ವಿರುದ್ಧ. ಜನರನ್ನು ಇನ್ನೊಮ್ಮೆ ಕೇಳಬೇಕು ಎಂಬ ಕಡೆಯವರು. ಬ್ರಿಟನ್ ಸಂಸತ್ತಿನಲ್ಲಿ ಸಂಸದರು ಗುಂಡಿ ಒತ್ತುವುದಿಲ್ಲ. ಹೌದು ಎನ್ನುವವರು ಸದನದ ಪಕ್ಕದ ಒಂದು ಲಾಬಿಗೆ (ಪಡಸಾಲೆಗೆ), ಅಲ್ಲ ಎನ್ನುವವರು ಇನ್ನೊಂದಕ್ಕೆ ಎದ್ದು ನಡೆಯುತ್ತಾರೆ, ಬಾಗಿಲಲ್ಲಿ ತಲೆ ಎಣಿಸುತ್ತಾರೆ. ಒಕ್ಕೂಟದಲ್ಲೇ ಉಳಿಯಬೇಕೆಂದು ಹೋರಾಡುತ್ತಿದ್ದ ಸ್ಕಾಟಿಷ್ ನ್ಯಾಷನಲ್ ಪಕ್ಷದವರೂ, ಒಕ್ಕೂಟದ ಹೆಸರೆತ್ತಿದರೆ ಸಿಡಿಯುತ್ತಿದ್ದ ಕನ್ಸರ್ವೇಟಿವರೂ ಅಂದು ಒಂದೇ ಬಾಗಿಲಲ್ಲಿ ಸಾಲುಗಟ್ಟಿದರು. 30 ಮಂದಿ ಆಚೆ ಬಾಗಿಲಿಗೆ ನಡೆದಿದ್ದರೆ ಒಪ್ಪಂದ ಪಾಸಾಗುತ್ತಿತ್ತು. ಮೇ ಅವರ ಸ್ವಂತ ಪಕ್ಷದ ಬಂಡಾಯಗಾರರೇ ಅದಕ್ಕೆ ಸಾಕಿದ್ದರು. ಜನಾದೇಶಕ್ಕೆ ದ್ರೋಹ ಮಾಡಿದವರು ಯಾರು ಎಂಬ ನಿಮ್ಮ ಪ್ರಶ್ನೆಯನ್ನು ಈ ಲಾಬಿಯಲ್ಲಿ ನಿಂತು ಕೇಳಿ ನೋಡಿ. ಅಲ್ಲಿ ಸಿಗುವ ಉತ್ತರ ನಿಮ್ಮ ಶೀರ್ಷಿಕೆಯೊಳಗೆ ಹಿಡಿಯುವುದಿಲ್ಲ.

ಅದರ ಮುಂದಿನ ಸೋಮವಾರ, ಏಪ್ರಿಲ್ 1ರ ರಾತ್ರಿಯನ್ನೂ ಸೇರಿಸಿಕೊಳ್ಳಿ. ಯಾವ ದಾರಿಗೆ ಬಹುಮತ ಇದೆ ಎಂದು ತಿಳಿಯಲು ಸಂಸದರು ಕಾಗದದ ಮತಪತ್ರದಲ್ಲಿ ನಾಲ್ಕು ಪರ್ಯಾಯಗಳಿಗೆ ಹೌದು, ಅಲ್ಲ ಎಂದು ಗುರುತು ಹಾಕಿದರು. ಎಷ್ಟಕ್ಕೆ ಬೇಕಾದರೂ ಹೌದು ಎನ್ನಬಹುದಿತ್ತು. ಕೆನ್ ಕ್ಲಾರ್ಕ್ ಅವರ ಕಸ್ಟಮ್ಸ್ ಒಕ್ಕೂಟದ ಸೂಚನೆ 273–276, ಮೂರೇ ಮತದಲ್ಲಿ ಬಿತ್ತು. ಜನರ ಮುಂದೆ ಮತ್ತೆ ಹೋಗುವ ಸೂಚನೆ 280–292. ನಾಲ್ಕೂ ಬಿದ್ದವು. ಸಂಪುಟದ ಮಂತ್ರಿಗಳು ಮತವನ್ನೇ ಹಾಕಲಿಲ್ಲ. ಎರಡನೇ ಜನಮತಗಣನೆಗೆ ಪಟ್ಟು ಹಿಡಿದವರಲ್ಲಿ ಹಲವರು ಕಸ್ಟಮ್ಸ್ ಒಕ್ಕೂಟಕ್ಕೆ ಬೆಂಬಲ ಕೊಡಲಿಲ್ಲ. ಏಕ ಮಾರುಕಟ್ಟೆಯೊಳಗೇ ಇರೋಣ ಎಂಬ ತಮ್ಮ ಸೂಚನೆ ಬಿದ್ದ ಕೂಡಲೇ ಕನ್ಸರ್ವೇಟಿವ್ ಸಂಸದ ನಿಕ್ ಬೋಲ್ಸ್ ಎದ್ದು ನಿಂತು, ತನ್ನ ಪಕ್ಷ ರಾಜಿಗೆ ಒಪ್ಪದ ಕಾರಣ ತಾನು ಸೋತೆ, ಇನ್ನು ಈ ಪಕ್ಷದಲ್ಲಿ ಕೂರಲಾರೆ ಎಂದು ಹೇಳಿ ಸದನದಿಂದ ಹೊರನಡೆದರು. ಅವರದೇ ಸಾಲಿನಿಂದ ಯಾರೋ ಹೋಗಬೇಡ ನಿಕ್ ಎಂದು ಕೂಗಿದರು.

ನನ್ನ ಅಭಿಪ್ರಾಯ ಕೇಳುವುದಾದರೆ ಇಡೀ ಗಂಟು ಇರುವುದು ಈ ನಾಲ್ಕು ದಿನಗಳಲ್ಲಿ. ತಮಗೆ ಬೇಕಾದದ್ದು ಪೂರ್ತಿಯಾಗಿ ಇನ್ನೂ ಸಿಗಬಹುದು ಎಂದು ಎಲ್ಲ ಬಣಗಳೂ ನಂಬಿದ್ದವು. ಕಾದರೆ ಒಪ್ಪಂದವಿಲ್ಲದ ಬ್ರೆಕ್ಸಿಟ್ ಸಿಗುತ್ತದೆ ಎಂದು ಒಬ್ಬರು, ಕಾದರೆ ಬ್ರೆಕ್ಸಿಟ್ಟೇ ರದ್ದಾಗುತ್ತದೆ ಎಂದು ಇನ್ನೊಬ್ಬರು, ಕಾದರೆ ಸರ್ಕಾರ ಬಿದ್ದು ಚುನಾವಣೆ ಬರುತ್ತದೆ ಎಂದು ಮತ್ತೊಬ್ಬರು. ಹಾಗಾಗಿ ಅರ್ಧ ತೃಪ್ತಿ ಕೊಡುವ ದಾರಿಗೆ ಯಾರೂ ಕೈ ಎತ್ತಲಿಲ್ಲ. ಕುರ್ಚಿಯಾಸೆ ಇರಲಿಲ್ಲ ಎನ್ನುವುದಿಲ್ಲ. ಅದೊಂದರಿಂದಲೇ ಈ ಅಂಕಿಗಳು ಬರುವುದಿಲ್ಲ ಎನ್ನುತ್ತೇನೆ.

ಉತ್ತರ ಐರ್ಲೆಂಡಿಗೆ ನೀವು ಕೊಟ್ಟಿರುವುದು ಒಂದೂವರೆ ವಾಕ್ಯ. ಅದು ಅನ್ಯಾಯ. ದಶಕಗಳ ರಕ್ತಪಾತ ನಿಂತದ್ದು 1998ರ ಗುಡ್ ಫ್ರೈಡೇ ಒಪ್ಪಂದದಿಂದ. ಆಮೇಲೆ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲಿರುವ ಐರ್ಲೆಂಡ್ ದೇಶಕ್ಕೂ ನಡುವಿನ ಗಡಿಯಲ್ಲಿ ಕಾವಲು ಗೋಪುರಗಳು ಹೋಗಿ, ದಾಟಿದ್ದೇ ಗೊತ್ತಾಗದ ಹಾಗಾಯಿತು. ಬ್ರಿಟನ್ ಕಸ್ಟಮ್ಸ್ ಒಕ್ಕೂಟ ಬಿಟ್ಟರೆ ಸರಕು ತಪಾಸಣೆ ಎಲ್ಲಾದರೂ ನಡೆಯಲೇಬೇಕು. ಆ ಗಡಿಯಲ್ಲಿ ಮಾಡಿದರೆ ಶಾಂತಿಗೆ ಅಪಾಯ, ಐರಿಷ್ ಸಮುದ್ರದಲ್ಲಿ ಮಾಡಿದರೆ ಒಂದೇ ದೇಶದೊಳಗೆ ಸುಂಕದ ಗೆರೆ. ಬೇರೆ ದಾರಿ ಸಿಗುವವರೆಗೆ ಇಡೀ ದೇಶ ಕಸ್ಟಮ್ಸ್ ವ್ಯವಸ್ಥೆಯೊಳಗೇ ಇರಲಿ ಎಂಬುದು ಮೇ ಒಪ್ಪಂದದ ‘ಬ್ಯಾಕ್‌ಸ್ಟಾಪ್’. ಸರ್ಕಾರಕ್ಕೆ ಆಸರೆಯಾಗಿದ್ದ ಹತ್ತು ಮಂದಿ ಡಿಯುಪಿ (ಬ್ರಿಟನ್ ಜೊತೆಗೇ ಇರಬೇಕೆನ್ನುವ ಉತ್ತರ ಐರ್ಲೆಂಡಿನ ಪಕ್ಷ) ಸಂಸದರು ಮೂರು ಸಲವೂ ಅದರ ವಿರುದ್ಧ ನಿಂತರು. ಆದರೆ ಉತ್ತರ ಐರ್ಲೆಂಡಿನಲ್ಲಿ ಉಳಿಯಬೇಕೆಂದವರೇ ಶೇ 55.8. ಐರ್ಲೆಂಡ್ ಒಂದಾಗಬೇಕೆನ್ನುವ ಸಿನ್ ಫೇನ್ ಪಕ್ಷದ ಏಳು ಮಂದಿ ತತ್ವಕ್ಕಾಗಿ ಲಂಡನ್ ಸಂಸತ್ತಿನಲ್ಲಿ ಕೂರುವುದೇ ಇಲ್ಲ. ಹಾಗಾಗಿ ಆ ಬಹುಮತದ ಪರ ಸದನದಲ್ಲಿ ದನಿ ಎತ್ತುತ್ತಿದ್ದವರು ಪಕ್ಷೇತರ ಸಂಸದೆ ಸಿಲ್ವಿಯಾ ಹರ್ಮನ್ ಒಬ್ಬರೇ. ಶಾಂತಿ ಉಳಿಯಲಿ ಎಂದು ಆಕೆ ಒಪ್ಪಂದದ ಪರ ಮತ ಹಾಕಿದರು. ನಿಮ್ಮ ಲೇಖನದಲ್ಲಿ ಆಕೆಯ ಹೆಸರೇ ಇಲ್ಲ.

ಬಂಡಾಯ ಸಂಸದರನ್ನು 2019ರ ನಮ್ಮ ರೆಸಾರ್ಟ್ ಶಾಸಕರಿಗೆ ಹೋಲಿಸಿದ ಪ್ಯಾರಾವನ್ನು ಪೂರ್ತಿ ತೆಗೆಯಿರಿ. ನಮ್ಮಲ್ಲಿ ವಿಪ್ ಮೀರಿದರೆ ಸಂವಿಧಾನದ ಹತ್ತನೇ ಅನುಸೂಚಿಯ ಪ್ರಕಾರ ಸ್ಥಾನವೇ ಹೋಗಬಹುದು. ಅಲ್ಲಿ ಪಕ್ಷ ಹೊರಹಾಕಬಹುದು, ಸ್ಥಾನ ಹೋಗುವುದಿಲ್ಲ. ಒಪ್ಪಂದವಿಲ್ಲದೆ ಹೊರಬೀಳುವುದನ್ನು ತಡೆಯಲು ವಿರೋಧ ಪಕ್ಷಗಳ ಜೊತೆ ಮತ ಹಾಕಿದ 21 ಕನ್ಸರ್ವೇಟಿವರನ್ನು ಆ ಸೆಪ್ಟೆಂಬರ್‌ನಲ್ಲಿ ಅಷ್ಟರಲ್ಲಿ ಪ್ರಧಾನಿಯಾಗಿದ್ದ ಜಾನ್ಸನ್ ಅವರು ಪಕ್ಷದ ಸಂಸದೀಯ ಗುಂಪಿನಿಂದ ಹೊರಗಿಟ್ಟರು. ಅವರಲ್ಲಿ ಮಾಜಿ ಹಣಕಾಸು ಮಂತ್ರಿಗಳಿದ್ದರು, ಚರ್ಚಿಲ್ ಮೊಮ್ಮಗ ಇದ್ದರು. ಪಕ್ಷೇತರರಾಗಿ ಚುನಾವಣೆಗೆ ನಿಂತ ಡೊಮಿನಿಕ್ ಗ್ರೀವ್, ಡೇವಿಡ್ ಗಾಕ್ ಸೋತರು. ನಮ್ಮಲ್ಲಿ ಅನರ್ಹಗೊಂಡವರಲ್ಲಿ ಹಲವರು ಅದೇ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಹೊಸ ಪಕ್ಷದಿಂದ ಗೆದ್ದು ಮಂತ್ರಿಗಳಾದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ಕೊನೆಯ ಪುಟದ ರಿಷಿ ಸುನಕ್ ವರ್ಣನೆಯನ್ನೂ ಬಿಡಿ. ‘ನಮ್ಮ ಅಳಿಯ’ ಎಂಬ ಹೆಮ್ಮೆ ಸಹಜ, ಆದರೆ 2019ರ ಮಾರ್ಚ್‌ನಲ್ಲಿ ಅವರು ಕಿರಿಯ ಮಂತ್ರಿ. ಅವರು ಬೇಕೇ ಬೇಕು ಎಂದರೆ 2023ಕ್ಕೆ ಬನ್ನಿ. ಪ್ರಧಾನಿಯಾಗಿ ಅವರು ಉತ್ತರ ಐರ್ಲೆಂಡಿಗಾಗಿ ತಂದ ವಿಂಡ್ಸರ್ ಒಪ್ಪಂದದ ಒಂದು ಮುಖ್ಯ ಭಾಗ 515–29ರಿಂದ ಪಾಸಾಯಿತು. ವಿರುದ್ಧ ಮತ ಹಾಕಿದವರಲ್ಲಿ ಅವರದೇ ಪಕ್ಷದ ಮಾಜಿ ಪ್ರಧಾನಿಗಳಾದ ಜಾನ್ಸನ್, ಲಿಜ್ ಟ್ರಸ್ ಇದ್ದರು. ಗಡಿಯ ಪ್ಯಾರಾದ ಕೊನೆಗೆ ಅದು ಸರಿಯಾಗಿ ಕೂರುತ್ತದೆ.

ಇನ್ನು ನಿಮ್ಮ ಜೊತೆಪತ್ರ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ರೆಡಿಂಗ್‌ನ ಮತಗಟ್ಟೆಗೆ ಹೋಗಿ ಮತ ಹಾಕಿದೆ, ಪಕ್ಕದ ಮೇಜಿನ ಪೋಲೆಂಡ್ ಸಹೋದ್ಯೋಗಿ ನನಗಿಂತ ಮೊದಲೇ ಅಲ್ಲಿ ನೆಲೆಸಿದ್ದರೂ ಆಕೆಗೆ ಮತ ಇರಲಿಲ್ಲ ಎಂದು ಅದರಲ್ಲಿ ಬರೆದಿದ್ದೀರಿ. ಇಡೀ ಲೇಖನದಲ್ಲಿ ಇಲ್ಲದ ಜೀವ ಈ ಎರಡು ಸಾಲಿನಲ್ಲಿದೆ. ಅಲ್ಲಿ ನೆಲೆಸಿದ ಕಾಮನ್‌ವೆಲ್ತ್ ಪ್ರಜೆಗಳಿಗೆ ಮತದ ಹಕ್ಕಿತ್ತು, ಐರಿಷರಿಗಿತ್ತು, ಆದರೆ ಈ ಫಲಿತಾಂಶದಿಂದ ಬದುಕೇ ಅಲುಗಿದ ಐರೋಪ್ಯ ಪ್ರಜೆಗಳಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಕನ್ನಡದ ಓದುಗರಿಗೆ ಇದನ್ನು ಹೇಳಬಲ್ಲವರು ನಿಮ್ಮಂಥವರು. ಇದು ಲೇಖನದೊಳಗೆ ಬರಲಿ. ಯಾವ ಕಡೆಗೆ ಮತ ಹಾಕಿದಿರಿ, ಯಾಕೆ, ಎಂಬುದನ್ನೂ ಮುಚ್ಚಿಡದೆ ಬರೆಯಿರಿ. ನಿಮ್ಮ ನಿಲುವು ನನಗೆ ಒಪ್ಪಿಗೆಯಾಗದಿದ್ದರೂ ಅದನ್ನು ಕತ್ತರಿಸುವುದಿಲ್ಲ.

ಉಳಿದವು ಸಣ್ಣಪುಟ್ಟವು. ‘ಬ್ರಿಟನ್ ಜನತೆ’ ಎಂದು ಎಲ್ಲರನ್ನೂ ಒಟ್ಟಿಗೆ ಮಾತಾಡಿಸಬೇಡಿ, ಸ್ಕಾಟ್ಲೆಂಡಿನಲ್ಲಿ ಉಳಿಯಬೇಕೆಂದವರು ಶೇ 62 ಇದ್ದರು. ವಿಚ್ಛೇದನದ ಉಪಮೆ ಸವೆದುಹೋಗಿದೆ, ತೆಗೆಯಿರಿ. ಪ್ರತಿ ಮತದಾನದಲ್ಲೂ ಯಾವ ಸಂಸದರು ಎತ್ತ ನಡೆದರೆಂಬ ಪಟ್ಟಿ ಸಂಸತ್ತಿನ ಹ್ಯಾನ್ಸರ್ಡ್ ದಾಖಲೆಯಲ್ಲಿ ಹೆಸರಿನ ಸಮೇತ ಸಿಗುತ್ತದೆ. ಮಾರ್ಚ್ 29ರ ಪಟ್ಟಿಯನ್ನು ಮುಂದಿಟ್ಟುಕೊಂಡೇ ಬರೆಯಲು ಕೂರಿ. ಎರಡು ಸಾವಿರ ಪದ ಮೀರಬೇಡಿ. ಅವಸರವಿಲ್ಲ, ಮುಗಿದಾಗ ನೇರವಾಗಿ ನನಗೇ ಕಳಿಸಿ.

ವಿಶ್ವಾಸದಿಂದ,
ಸಂಪಾದಕ